ಸೂರಿನ ದೋಣಿ

ಮಳೆನೀರಿನ ದೋಣಿ ಮತ್ತೆ ಬಗ್ಗಿತ್ತು. ಅದೇ ಜಾಗದಲ್ಲಿ.

ಲಕ್ಷ್ಮೀಶರು ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು ಟೇಪು ಹಿಡಿದರು. ಒಂದೂಕಾಲು ಇಂಚು ತಗ್ಗು. ಮಾರ್ಚ್‌ನಲ್ಲಿ ರಿಪೇರಿ ಮಾಡಿಸಿದ ದಿನ ನೂಲು ಹಿಡಿದಂತೆ ನೇರವಿತ್ತು. ಕೆಳಗಿಳಿದು ಡೈರಿಯಲ್ಲಿ ಬರೆದುಕೊಂಡರು: ಮೇ 18, ಬೆಳಿಗ್ಗೆ 7.10, ಒಂದೂಕಾಲು ಇಂಚು.

ಚಾಮರಾಜಪೇಟೆಯ ಆ ಹೆಂಚಿನ ಮನೆ ಹನ್ನೊಂದು ವರ್ಷದ ಹಿಂದೆ ಎರಡಾಗಿತ್ತು. ಎಡಭಾಗ ಲಕ್ಷ್ಮೀಶರದು, ಬಲಭಾಗ ತಮ್ಮ ಅನಿಲ್ ಕುಮಾರನದು. ಬಾಗಿಲು, ಮೀಟರು, ನಲ್ಲಿ ಎಲ್ಲ ಬೇರೆಯಾದವು. ಹಿತ್ತಲಿನ ನಡುವೆ ಆರಡಿ ಗೋಡೆ ಎದ್ದಿತು. ಹಿಂಬದಿಯ ಸೂರಿನಂಚಿಗೆ ಮಳೆನೀರು ಹಿಡಿಯಲು ಕಟ್ಟಿದ್ದ ತಗಡಿನ ದೋಣಿ ಮಾತ್ರ ಗೋಡೆಯ ನೆತ್ತಿಯಿಂದ ಒಂದೂವರೆ ಅಡಿ ಮೇಲೆ ಹಾದು, ಈಗಲೂ ಎರಡೂ ಮನೆಗೆ ಸೇರಿತ್ತು. ಅದು ಬಗ್ಗಿದಾಗಲೆಲ್ಲ ನೀರು ಲಕ್ಷ್ಮೀಶರ ಬಚ್ಚಲ ಗೋಡೆಗೆ ಇಳಿಯುತ್ತಿತ್ತು. ಗೋಡೆ ಉಬ್ಬಿತ್ತು. ಇನ್ನೊಂದು ಮಳೆಗಾಲ ತಾಳುವಂತಿರಲಿಲ್ಲ.

ಯಾರ ಕೆಲಸವೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಪಾಲಿನ ದಿನ ಮನೆ ಅಳೆದವರು ಲಕ್ಷ್ಮೀಶರೇ. ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದವರು. ಅಂಥವರನ್ನು ನಾಲ್ಕು ಜನರ ಎದುರು ಅನಿಲ್, "ಅಣ್ಣ ಟೇಪು ಸಡಿಲ ಹಿಡಿದ" ಎಂದಿದ್ದ.

"ಇನ್ಮೇಲೆ ಆ ಮನೆ ಒಂದು ತೊಟ್ಟು ನೀರೂ ನನ್ನ ಗಂಟಲಲ್ಲಿ ಇಳಿಯಲ್ಲ" ಎಂದು ಅಂದೇ ಹೇಳಿದ್ದರು. ಆ ಮಾತನ್ನು ಒಂದು ದಿನವೂ ಮುರಿದಿಲ್ಲವೆಂಬುದು ಅವರ ಹೆಮ್ಮೆ. ಹೆಂಡತಿ ಶೈಲಜಮ್ಮನೂ ಹಾಗೆಯೇ ನಡೆದುಕೊಂಡಿದ್ದರು. ಒಟ್ಟಿಗಿದ್ದಾಗ ಆಕೆಯೂ ಅನಿಲನ ಹೆಂಡತಿ ಕಾವೇರಮ್ಮನೂ ಒಂದೇ ಒಲೆಯ ಮುಂದೆ ಕೆಲಸ ಹಂಚಿಕೊಂಡವರು. ಮನೆ ಒಡೆದ ಮೇಲೆ ಆ ಹೆಸರು ಹೆಂಡತಿಯ ಬಾಯಲ್ಲಿ ಬಂದದ್ದನ್ನು ಲಕ್ಷ್ಮೀಶರು ಕೇಳಿರಲಿಲ್ಲ.

ಎರಡು ವಾರ ಬೆಳಿಗ್ಗೆ, ಸಂಜೆ ಹಿತ್ತಲ ಕಿಟಕಿಯಲ್ಲಿ ಕಾದರು. ಯಾರೂ ಸಿಗಲಿಲ್ಲ. ಹನ್ನೊಂದರಿಂದ ಒಂದರವರೆಗೆ ಗ್ರಂಥಾಲಯದಲ್ಲಿ ಪತ್ರಿಕೆ ಓದುವುದು ರೂಢಿ. ಒಬ್ಬ ಅನಿಲನಿಗಾಗಿ ಅದನ್ನು ಬಿಡುವುದು ಅವರಿಗೆ ಸೋಲೆನಿಸಿತು. ಡೈರಿಯಲ್ಲಿ ಒಂದು ವಿಷಯ ಮಾತ್ರ ಎದ್ದು ಕಾಣುತ್ತಿತ್ತು. ಏಪ್ರಿಲ್‌ನಲ್ಲಿ ಶೈಲಜಮ್ಮ ತಂಗಿಯ ಮನೆಗೆ ಹೋಗಿದ್ದ ಒಂಬತ್ತು ದಿನ ದೋಣಿ ಕೂದಲೆಳೆಯಷ್ಟೂ ಕದಲಿರಲಿಲ್ಲ. ಮನೆಯಲ್ಲಿ ಗಂಡಸೊಬ್ಬನೇ ಇದ್ದಾಗ ಅನಿಲನಿಗೆ ಧೈರ್ಯ ಸಾಲದು ಎಂದು ಲಕ್ಷ್ಮೀಶರು ಲೆಕ್ಕ ಹಾಕಿದ್ದರು.

ಎಂಟು ಗಂಟೆಗೆ ತಗಡಿನ ಕೆಲಸದ ಸೊಣ್ಣಪ್ಪ ಬಂದ. ಏಣಿ ಹತ್ತಿ ಬಹಳ ಹೊತ್ತು ನೋಡಿದ.

"ಗೋಡೆ ಈಚೆಗೂ ಆಚೆಗೂ ಒಂದೇ ಸಮ ಬಗ್ಗೈತೆ ಯಜಮಾನ್ರೇ. ಕೆಡಿಸೋರ ಕೆಲ್ಸ ಅಲ್ಲ ಇದು. ಯಾರೋ ಹಿಡ್ಕೊಂಡು ನಿಂತಂಗೈತೆ."

"ಆ ಕಡೆಯಿಂದ ಕೈ ಚಾಚಿ ಎಳೀತಾನೆ."

"ಅವ್ರ ಕಡೇನೂ ಬಗ್ಗೈತಲ್ಲ?"

"ಅನುಮಾನ ಬರಬಾರ್ದು ಅಂತ."

ಸೊಣ್ಣಪ್ಪ ಏಣಿ ಇಳಿದು ತಲೆ ಕೆರೆದುಕೊಂಡ. "ತಟ್ಟಿ ನೇರ ಮಾಡ್ಲಾ? ಇಲ್ಲಾ ಪೂರ್ತಿ ಪ್ಲಾಸ್ಟಿಕ್‌ದು ಹಾಕೋದಾದ್ರೆ ಆ ಮನೆಯೋರ್ನೂ ಒಂದ್ಮಾತು ಕೇಳ್ಬೇಕು."

ಬಾಗಿಲ ಬಳಿ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದ ಶೈಲಜಮ್ಮ ಕೈ ನಿಲ್ಲಿಸಿದರು. ಇಬ್ಬರೇ ಇರುವ ಮನೆಗೆ ಹಿಟ್ಟಿನ ರಾಶಿ ದೊಡ್ಡದೇ ಇತ್ತು.

"ಅಲ್ಲೊಂದು ದಪ್ಪ ಕಬ್ಬಿಣದ ಪಟ್ಟಿ ಕೊಡ್ಸಿ ಸಾಕು ರೀ. ಕೈ ಊರಿದ್ರೂ ಬಗ್ಗಬಾರ್ದು, ಅಂಥದ್ದು."

"ಕಳ್ಳನಿಗೆ ಹಿಡಿ ಮಾಡಿಸಿಕೊಡ್ಲಾ?" ಲಕ್ಷ್ಮೀಶರು ಸೊಣ್ಣಪ್ಪನತ್ತ ತಿರುಗಿದರು. "ಗೋಡೆ ಹತ್ರ ಕತ್ತರಿಸಿಬಿಡು. ನಮ್ಮ ತುದಿಗೆ ಮುಚ್ಚಳ, ನಮಗೇ ಒಂದು ಪೈಪು. ಗೋಡೆಯಿಂದ ಸೂರಿನವರೆಗೂ ತಗಡು ಹೊಡಿ. ಬೆರಳೂ ತೂರಬಾರ್ದು. ಆ ಕಡೆ ನೀರು ಅವನು ನೋಡ್ಕೊಳ್ಳಲಿ."

"ಇದೊಂದು ಸಲ ಯೋಚ್ನೆ ಮಾಡಿ" ಎಂದರು ಶೈಲಜಮ್ಮ.

"ಹನ್ನೊಂದು ವರ್ಷ ಮಾಡಿದೀನಿ."

ಆ ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು. ಲಕ್ಷ್ಮೀಶರು ಎರಡು ಸಲ ಹಾಕಿಸಿಕೊಂಡರು. ಸಮಾಧಾನವಿಲ್ಲದ ದಿನಗಳಲ್ಲೂ ಊಟದಲ್ಲಿ ಮಾತ್ರ ಅವರಿಗೆ ದೂರಿರಲಿಲ್ಲ.

"ಇಂಥ ಸಾರು ಆ ಮನೇಲಿ ಒಂದ್ ದಿನ ಕಂಡಿದ್ರೆ ಅನಿಲ ಇಷ್ಟು ಹುಳಿ ಮನುಷ್ಯ ಆಗ್ತಿರ್ಲಿಲ್ಲ."

ಶೈಲಜಮ್ಮ ಮಜ್ಜಿಗೆ ತರಲು ಒಳಗೆ ಹೋದರು.

ಮರುದಿನ ಲಕ್ಷ್ಮೀಶರು ಗ್ರಂಥಾಲಯಕ್ಕೆ ಹೋಗಲಿಲ್ಲ. ಕಲಾಸಿಪಾಳ್ಯದಿಂದ ತಗಡು ಬಂತು. ಸೊಣ್ಣಪ್ಪ ದೋಣಿ ಕತ್ತರಿಸಿದ, ಮುಚ್ಚಳ ಬೆಸೆದ, ಪೈಪು ಇಳಿಸಿದ. ಲಕ್ಷ್ಮೀಶರು ಕಲ್ಲಿನ ಪಕ್ಕದಲ್ಲೇ ನಿಂತು ಪ್ರತಿ ಮೊಳೆಯನ್ನೂ ಎಣಿಸಿದರು. ಶೈಲಜಮ್ಮ ನಾಲ್ಕು ಸಲ ಹಿತ್ತಲಿಗೆ ಬಂದು, ಗಡಿಯಾರ ನೋಡಲು ನಾಲ್ಕು ಸಲ ಒಳಗೆ ಹೋದರು. ಹನ್ನೆರಡೂಮುಕ್ಕಾಲಿಗೆ ಕೊನೆಯ ಮೊಳೆ ಬಿತ್ತು. ಸೊಣ್ಣಪ್ಪ ಏಣಿ ಹೊತ್ತು ಹೊರಟ.

ಗೋಡೆಯಾಚೆ ಯಾರೋ ಪಾತ್ರೆ ತಟ್ಟಿದರು. ಎರಡು ಸಲ. ಸ್ವಲ್ಪ ಬಿಟ್ಟು ಮತ್ತೆ ಎರಡು ಸಲ.

"ಕೋಪ ನೋಡು ಅವನಿಗೆ" ಎಂದು ಲಕ್ಷ್ಮೀಶರು ನಕ್ಕರು. ಎಷ್ಟೋ ತಿಂಗಳ ಮೇಲೆ ಎದೆ ಹಗುರಾಗಿತ್ತು. ಹೊಟ್ಟೆ ಚೆನ್ನಾಗಿ ಹಸಿದಿತ್ತು. ಕೈ ತೊಳೆದು ಕೂತರು.

ತಟ್ಟೆ ಬಂತು. ಹಬೆಯಾಡುವ ಮುದ್ದೆ, ಮೇಲೊಂದು ಚಮಚ ತುಪ್ಪ. ಅಷ್ಟೇ.

ಅವರು ಕಾದರು. ಮತ್ತೇನೂ ಬರಲಿಲ್ಲ.

"ಸಾರೆಲ್ಲಿ?"

ಶೈಲಜಮ್ಮ ಸೆರಗಿಗೆ ಕೈ ಒರೆಸಿಕೊಂಡು ಹಿತ್ತಲ ಕಡೆ ನೋಡಿದರು.

"ತಗಡಿನ ಆಚೆ ಉಳೀತು. ಹನ್ನೊಂದು ವರ್ಷದಿಂದ ಮುದ್ದೆ ನಂದು, ಸಾರು ಕಾವೇರೀದು."