ಕನ್ನಡಕದ ಡಾಕ್ಟರು

ಲೇಖನಕ್ಕೆ ನಲವತ್ತು ರೂಪಾಯಿಯಂತೆ ವೆಬ್‌ಸೈಟೊಂದಕ್ಕೆ ಮನೆಮದ್ದಿನ ಬಗ್ಗೆ ಬರೆಯುತ್ತಿದ್ದ ಮಂದಾಕಿನಿ, ಅಲ್ಲಿ ಇಲ್ಲಿ ಓದಿದ್ದನ್ನೆಲ್ಲ ಕಲಸಿ, ಕೆಳಗೆ ಇಲ್ಲದ ಡಾಕ್ಟರೊಬ್ಬರ ಹೆಸರು ಹಾಕುತ್ತಿದ್ದಳು. ಡಾಕ್ಟರ ಫೋಟೊ ಬೇಕೆಂದು ಸಂಪಾದಕರು ಪೀಡಿಸಿದಾಗ, ತೀರಿಹೋದ ಅಪ್ಪನ ಫೋಟೊ ಕಳಿಸಿಬಿಟ್ಟಳು. ಬಸ್ ಕಂಡಕ್ಟರಾಗಿದ್ದ ಅಪ್ಪ ನಿವೃತ್ತಿಯ ದಿನ ಕೋಟು, ಕನ್ನಡಕ ಹಾಕಿಕೊಂಡು ತೆಗೆಸಿದ್ದ ಫೋಟೊ ಅದು. ಯಾರು ಗುರುತು ಹಿಡಿಯುತ್ತಾರೆ ಎಂದುಕೊಂಡಳು. ಆದರೂ ಪುಟ ತೆರೆದಾಗಲೆಲ್ಲ ಅಪ್ಪ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ, ಬೇಗನೆ ಕೆಳಕ್ಕೆ ಸರಿಸುತ್ತಿದ್ದಳು.

ಆರು ತಿಂಗಳ ಮೇಲೆ ಅಮ್ಮ ಬಚ್ಚಲ ಬಾಗಿಲಲ್ಲಿ ತಲೆಸುತ್ತಿ ಬಿದ್ದಳು. ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದ ನರ್ಸ್ ಹೌಹಾರಿದರು.

"ಮಾತ್ರೆ ತಗೊಳ್ತಿಲ್ವಾ ಅಜ್ಜಿ?"

"ಬಿಟ್ಟು ತಿಂಗಳಾಯ್ತು. ಮಾತ್ರೆ ಬೇಡ್ವಂತೆ, ಬೆಳ್ಳುಳ್ಳಿ ಸಾಕಂತೆ."

"ಯಾರಮ್ಮಾ ನಿಂಗೆ ಹಾಗೆ ಹೇಳಿದ್ದು?" ಮಂದಾಕಿನಿ ರೇಗಿದಳು. "ಮೊಬೈಲಲ್ಲಿ ಬರೋದನ್ನೆಲ್ಲ ನಂಬ್ತಾರಾ?"

ಅಮ್ಮ ದಿಂಬಿನಡಿಯಿಂದ ಫೋನು ತೆಗೆದು, ಪರದೆಯ ಮೇಲಿದ್ದ ಕನ್ನಡಕದ ಮುಖವನ್ನು ಸೆರಗಿನಿಂದ ಮೆಲ್ಲಗೆ ಒರೆಸಿದಳು.

"ಬದುಕಿದ್ದಾಗ ಒಂದು ದಿನಾನೂ ಇವರ ಮಾತು ಕೇಳಲಿಲ್ಲ ಕಣೇ. ಈಗಲಾದ್ರೂ ಕೇಳ್ಬೇಡ್ವಾ?"