ದೊರೆಯ ಹಿಂಬಾಗಿಲು

ಕಡಲ ದಂಡೆಯಲ್ಲಿ ಬ್ರಿಟಿಷ್ ದೊರೆಗಳು ಬೇಸಿಗೆಗೆಂದು ಕಟ್ಟಿಕೊಂಡಿದ್ದ ಮನೆಗಳ ಸರ್ವೆ ನಡೆದಿತ್ತು. ಉಳಿಸಬೇಕಾದ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರದ್ದನ್ನು ರಸ್ತೆಗಾಗಿ ಕೆಡವುತ್ತಾರೆ. ಅಜ್ಜಿಗೂ ನನಗೂ ಇದ್ದದ್ದು ಅಲ್ಲಿನ ಒಂದೇ ಕೋಣೆ.

ಸರ್ವೆಯವರು ಹಿಂಗೋಡೆಯ ಗಿಡ್ಡ ಬಾಗಿಲ ಮುಂದೆ ಕುಕ್ಕರಿಸಿದರು. “ಇದೆಂಥದಜ್ಜಿ, ಕಳ್ಳಬಾಗಿಲಾ?”

“ನಮ್ಮತ್ತೆ ಬರ್ಲಿಕ್ಕೆ. ದಿನಾ ಬೆಳಿಗ್ಗೆ, ಯಾರ ಕಣ್ಣಿಗೂ ಬೀಳದ ಹಾಗೆ.”

“ದೊರೆಗೆ ಗೊತ್ತಿತ್ತಾ?”

“ಗೊತ್ತಿಲ್ದೆ? ಅತ್ತೆ ಒಂದು ದಿನ ತಪ್ಪಿಸಿದ್ರೆ ಮನುಷ್ಯ ಹುಚ್ಚನಾಗ್ತಿದ್ದ.”

ಸರ್ವೆಯವರ ಕಿವಿ ಕೆಂಪಾಯಿತು. “ಎಂಥ ಪ್ರೇಮ!” ಎನ್ನುತ್ತ ಗೋಡೆಗೆ ‘ಕೆಡವಬಾರದು’ ಎಂಬ ಫಲಕ ಹೊಡೆದು ಹೋದರು.

ನಾನೂ ಕನಸಿಗೆ ಬಿದ್ದಿದ್ದೆ. “ಅಜ್ಜೀ, ದೊರೆಯೇ ಮುತ್ತಜ್ಜಿಗೆ ಈ ಮನೆ ಕೊಟ್ಟನಾ?”

“ಅವನ ಮನೆ ಯಾವತ್ತೋ ಸಮುದ್ರದ ಪಾಲಾಯ್ತು ಮಗಾ. ಇದು ಅವನ ಕಕ್ಕಸು. ಅತ್ತೆ ಬರ್ತಿದ್ದದ್ದು ಬಾಚ್ಲಿಕ್ಕೆ.”