ಮಂಜುಗಡ್ಡೆಯ ಮೇಲಿನ ಕೈ

‘ಈ ಸಂಚಿಕೆಯಲ್ಲಿ ಏನೂ ನಡೆಯುವುದಿಲ್ಲ’ ಎಂದು ಕುಸುಮ ಫೋನಿನಲ್ಲಿ ಟೈಪ್ ಮಾಡಿದಳು. ತಿಂಗಳಿಗೊಮ್ಮೆ ಬರುವ ಬಾಹ್ಯಾಕಾಶದ ಕಾಮಿಕ್ಸು ಅದು. ಅದರ ವಿಮರ್ಶೆಯನ್ನು ಸಂಜೆಯೊಳಗೆ ಪತ್ರಿಕೆಗೆ ಕಳಿಸಬೇಕಿತ್ತು. ಕಥೆಯಲ್ಲಿ ಮಂಜುಗಡ್ಡೆ ಹೊತ್ತ ನೌಕೆಯೊಂದು ಬಾಹ್ಯಾಕಾಶ ನಿಲ್ದಾಣದ ಹೊರಗೆ ಸರದಿಗಾಗಿ ಕಾಯುತ್ತದೆ. ಅದರ ಮುದಿ ನಾಯಕ ಪುಟಪುಟದಲ್ಲೂ ಎದ್ದು ಹೋಗಿ, ಆ ಮಂಜುಗಡ್ಡೆಯ ಮೇಲೆ ಕೈಯಿಟ್ಟು, ಬಂದು ಕೂರುತ್ತಾನೆ. ‘ಚಿತ್ರಕಾರರಿಗೆ ಬೇರೆ ಕೆಲಸವಿರಲಿಲ್ಲವೇ?’ ಎಂದೂ ಸೇರಿಸಿದಳು.

ಅವಳು ಕೂತಿದ್ದ ಟ್ರ್ಯಾಕ್ಟರ್ ಸಕ್ಕರೆ ಕಾರ್ಖಾನೆಯ ಗೇಟಿನ ಮುಂದಿನ ಸಾಲಿನಲ್ಲಿ ನಿನ್ನೆಯಿಂದ ನಿಂತಿತ್ತು. ಅಪ್ಪ ಜವರೇಗೌಡನಿಗೆ ಕೆರಗೋಡಿನಿಂದ ಊಟ ತಂದವಳು ಅಲ್ಲೇ ಉಳಿದಿದ್ದಳು. ಅಪ್ಪ ಮತ್ತೆ ಇಳಿದು ಹಿಂದಕ್ಕೆ ಹೋಗಿ, ಬಿಸಿಲಿಗೆ ಒಣಗುತ್ತಿದ್ದ ಕಬ್ಬನ್ನು ಸವರಿ ಬಂದ.

“ಆಗ್ಲಿಂದ ಅದ್ನೇ ಮಾಡ್ತಾ ಇದೀಯಲ್ಲಪ್ಪ. ಮುಟ್ಟುದ್ರೆ ಒಣಗೋದು ನಿಂತೋಯ್ತದಾ?”

“ನಿಲ್ಲಕಿಲ್ಲ ಕಣವ್ವ,” ಎಂದ ಅಪ್ಪ. “ಸುಮ್ಕೆ ಕೂತ್ಕಳಕ್ಕೆ ಮನ್ಸು ಒಪ್ಪಕಿಲ್ಲ.”

ಕುಸುಮಳ ಬೆರಳು ಕಳಿಸುವ ಗುಂಡಿಯ ಮೇಲೆಯೇ ನಿಂತಿತು. ಬರೆದದ್ದನ್ನು ಹಾಗೇ ಬಿಟ್ಟು ಅವಳು ಕಾಮಿಕ್ಸಿನ ಮೊದಲ ಪುಟಕ್ಕೆ ಮರಳಿದಳು. ಈ ಸಲ ನಾಯಕನ ಮುಖ ಬಿಟ್ಟು, ಅವನ ಕೈ ಮತ್ತು ಮಂಜುಗಡ್ಡೆಯನ್ನಷ್ಟೇ ನೋಡುತ್ತ ಹೋದಳು. ಮೊದಲ ಪುಟದಲ್ಲಿ ಅದರ ಮೇಲ್ತುದಿ ಮುಟ್ಟಲು ಅವನು ಕೈಯನ್ನು ತಲೆಯ ಮೇಲಕ್ಕೆ ಎತ್ತಿದ್ದ. ಕೊನೆಯ ಪುಟದಲ್ಲಿ ಅದನ್ನೇ ಮುಟ್ಟಲು ಮಂಡಿಯೂರಿದ್ದ.